ಮೊದಲು ಕೊಟ್ಟಿಗೆ, ಆಮೇಲೆ ಹಸು

ವಿಶ್ವೇಶ್ವರಪುರಂನ ಸಜ್ಜನ್ ರಾವ್ ವೃತ್ತದಿಂದ ಆಡುಗೋಡಿ ದೂರವೇನಲ್ಲ. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಅಲ್ಲಿನ ಸರ್ಕಾರಿ ಡೇರಿ ಸಂಸ್ಥೆಗೆ ಹೋಗಿ ದನ ಸಾಕುವುದನ್ನು ಕಲಿತರು. ಆಗ ಅವರಿಗೆ 57 ವರ್ಷ. ಆದ್ದರಿಂದ ಹೊಸಬರು ಅಂಜಬೇಕಿಲ್ಲ. ಇಂಥ ಹಳೆಯ ಬಡಾವಣೆಯಲ್ಲಿ ಎರಡು ಹಸು ಕಟ್ಟಿ ನಾಲ್ಕು ಕಾಸು ನೋಡಬೇಕೆಂದಿದ್ದರೆ ಕೆಲಸ ಕೊಟ್ಟಿಗೆಯಿಂದ ಶುರುವಾಗಲಿ.

1. ಜಾಗ ಅಳೆಯಿರಿ
ಹಸುವೊಂದಕ್ಕೆ ಸೂರಿನಡಿ 3.5 ಚದರ ಮೀಟರ್, ಅಡ್ಡಾಡಲು ಬಯಲು 7 ಚದರ ಮೀಟರ್ ಬೇಕು. ಕರುವಿಗೆ ಸೂರಿನಡಿ 1, ಬಯಲು 2. ಎರಡು ಹಸು, ಒಂದು ಕರುವಿಗೆ ಒಟ್ಟು 24 ಚದರ ಮೀಟರ್, ಅಂದರೆ ಸುಮಾರು 260 ಚದರ ಅಡಿ. ಅಷ್ಟಿಲ್ಲದಿದ್ದರೆ ಒಂದೇ ಹಸು ಸಾಕಿ. ಬೀದಿಯನ್ನು ಬಯಲೆಂದು ಲೆಕ್ಕ ಹಿಡಿಯಬೇಡಿ. ಬೀದಿಗೆ ಬಿಟ್ಟ ಹಸು ಪ್ಲಾಸ್ಟಿಕ್ ತಿಂದು ಸಾಯಬಹುದು. ಅನುಮತಿಯ ನಿಯಮವನ್ನು ಪಾಲಿಕೆಯ ಪಶುಪಾಲನಾ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ.

2. ನೆಲ ಹಾಕಿಸಿ
ಕಾಂಕ್ರೀಟ್ ಒರಟಾಗಿರಲಿ, ನುಣುಪಾದರೆ ಹಸು ಜಾರಿ ಕಾಲು ಮುರಿದುಕೊಳ್ಳುತ್ತದೆ. ಹಸು ನಿಲ್ಲುವ ಐದೂವರೆ ಅಡಿ ಉದ್ದಕ್ಕೆ ಒಂದೂವರೆ ಅಂಗುಲ ಇಳಿಜಾರು ಕೊಟ್ಟರೆ ಗಂಜಲ ತಾನಾಗಿ ಚರಂಡಿಗೆ ಹರಿಯುತ್ತದೆ. ಮಲಗಲು ರಬ್ಬರ್ ಮ್ಯಾಟ್ ಹಾಸಿ.

3. ಸೂರು ಎತ್ತರಿಸಿ
ಮಿಶ್ರತಳಿ ಹಸುಗಳಿಗೆ ಸೆಕೆ ತಡೆಯದು. ಸೆಕೆಯಾದರೆ ಮೇವು ಬಿಡುತ್ತವೆ, ಹಾಲೂ ಇಳಿಯುತ್ತದೆ. ಆದ್ದರಿಂದ ಸೂರು ಎತ್ತರವಿರಲಿ. ಗೋಡೆಯನ್ನು ಪೂರ್ತಿ ಎತ್ತಬೇಡಿ, ಗಾಳಿ ಆಡಲಿ. ತಗಡಿನ ಸೂರಾದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಗರಿ ಹೊದಿಸಿ.

4. ಮೇವು, ನೀರು
ಗೊಂತಿನ ಪಕ್ಕದಲ್ಲೇ ದಿನವಿಡೀ ನೀರಿರಲಿ. ಹಾಲು ಕೊಡುವ ಹಸು ದಿನಕ್ಕೆ 60 ಲೀಟರಿಗೂ ಹೆಚ್ಚು ಕುಡಿಯಬಲ್ಲದು. ಚಳಿಗಾಲದಲ್ಲಿ ಇಲ್ಲಿ ರಾಶಿ ಬೀಳುವ ಅವರೆಕಾಯಿ ಸಿಪ್ಪೆಯನ್ನು ರಾಗಿ ಹುಲ್ಲಿನೊಂದಿಗೆ ಬೆರೆಸಿ ಕೊಡಿ. ಬಡಾವಣೆಯ ತಿಂಡಿ ಬೀದಿಯಲ್ಲಿ ಮಿಕ್ಕ ಅನ್ನ, ಸಿಹಿತಿಂಡಿ ಮಾತ್ರ ಬೇಡ. ಅದು ಹೊಟ್ಟೆಯಲ್ಲಿ ಹುಳಿಯೇರಿ ಹಸುವಿನ ಪ್ರಾಣಕ್ಕೇ ಕುತ್ತು.

5. ಹಾಲು ಕರೆಯಿರಿ
ಕೆಚ್ಚಲು ತೊಳೆದು, ಒಣಬಟ್ಟೆಯಲ್ಲಿ ಒರೆಸಿ ಕರೆಯಿರಿ. ಕರೆದ ಕೂಡಲೇ ಮೇವು ಹಾಕಿದರೆ ಹಸು ಅರ್ಧ ಗಂಟೆ ನಿಂತಿರುತ್ತದೆ, ಅಷ್ಟರಲ್ಲಿ ಮೊಲೆತೊಟ್ಟಿನ ರಂಧ್ರ ಮುಚ್ಚಿಕೊಳ್ಳುತ್ತದೆ. ಕೆಚ್ಚಲು ಬಾವು ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

6. ಸಗಣಿಯನ್ನೂ ದುಡಿಸಿ
ಹಸುವೊಂದು ದಿನಕ್ಕೆ ಹತ್ತು ಕಿಲೋಗೂ ಹೆಚ್ಚು ಸಗಣಿ ಹಾಕುತ್ತದೆ. ಮೋರಿಗೆ ತಳ್ಳಿದರೆ ನೆರೆಹೊರೆಯವರ ಸಿಟ್ಟು. ಒಣಗಿಸಿ ಗೊಬ್ಬರ ಮಾಡಿದರೆ ತಾರಸಿ ತೋಟದವರಿಂದ ಕಾಸು.

7. ಲೆಕ್ಕ ಬರೆಯಿರಿ
ವರ್ತನೆ ಮನೆಗಳ ಹಾಲು, ಹಿಂಡಿ, ಬೂಸಾ, ಡಾಕ್ಟರ ಖರ್ಚು ಎಲ್ಲವೂ ಒಂದೇ ಪುಸ್ತಕದಲ್ಲಿರಲಿ. ಹಸು ಬತ್ತಿಸಿದ ತಿಂಗಳುಗಳ ಮೇವಿಗೆ ಈಗಲೇ ಹಣ ಎತ್ತಿಡಿ.

ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಸದ್ದಿಲ್ಲದೆ ಹೋಗಿ ನೋಡಿ. ಹಸು ಮಲಗಿ ಮೆಲುಕು ಹಾಕುತ್ತಿದ್ದರೆ ಕೊಟ್ಟಿಗೆ ಅದಕ್ಕೆ ಒಪ್ಪಿದೆ. ಹೊತ್ತೆಲ್ಲ ನಿಂತೇ ಇದ್ದರೆ ಎರಡನೇ ಹಂತಕ್ಕೆ ಮರಳಿ, ನೆಲ ಸರಿಪಡಿಸಿ.