ಗಾಳಿಗುಳ್ಳೆಯೂ ಹಸುಗೂಸಿನ ಉಸಿರೂ

ಕೊಳವೆಯೊಂದರ ಎರಡು ತುದಿಗಳಲ್ಲಿ ಸಾಬೂನಿನ ಗುಳ್ಳೆಗಳನ್ನು ಊದಿ, ಒಂದನ್ನು ಚಿಕ್ಕದಾಗಿಯೂ ಇನ್ನೊಂದನ್ನು ದೊಡ್ಡದಾಗಿಯೂ ಉಳಿಸಿ, ನಡುವಣ ತಿರುಪನ್ನು ತೆರೆದರೆ ಏನಾಗುವುದು? ಎರಡೂ ಸಮನಾಗುವುವೆಂದೇ ತರಗತಿಯಲ್ಲಿ ಉತ್ತರ ಬರುತ್ತದೆ. ಆದರೆ ಚಿಕ್ಕದು ಕುಗ್ಗಿ, ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಒಪ್ಪಿಸಿಬಿಡುತ್ತದೆ. ಮೇಲ್ಮೈ ಎಳೆತದಿಂದ ಗುಳ್ಳೆಯೊಳಗೆ ಹುಟ್ಟುವ ಒತ್ತಡವು ತ್ರಿಜ್ಯ ಕಿರಿದಾದಷ್ಟೂ ಹೆಚ್ಚು. ಇದೇ ಲಾಪ್ಲಾಸನ ನಿಯಮ.

ನಮ್ಮ ಶ್ವಾಸಕೋಶಗಳಲ್ಲಿರುವ ಕೋಟ್ಯಂತರ ವಾಯುಕೋಶಗಳ ಒಳಮೈ ಸದಾ ತೇವವಾಗಿರುತ್ತದೆ. ಅವುಗಳ ಗಾತ್ರವೂ ಒಂದೇ ಸಮನಾಗಿಲ್ಲ. ಹಾಗಿದ್ದರೆ ಉಸಿರು ಬಿಟ್ಟಾಗಲೆಲ್ಲ ಚಿಕ್ಕವು ಮುಚ್ಚಿಹೋಗಬೇಕಲ್ಲವೆ? ಹಾಗಾಗದಿರುವ ಗುಟ್ಟನ್ನು ಹಸುಳೆಗಳ ಸಾವಿನೊಡನೆ ಜೋಡಿಸಿ ನೋಡಿದವರು ಅಮೆರಿಕದ ಮಕ್ಕಳ ವೈದ್ಯೆ ಮೇರಿ ಎಲೆನ್ ಏವರಿ (೧೯೨೭–೨೦೧೧).

೧೯೫೨ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದ ಸ್ವಲ್ಪ ಕಾಲದಲ್ಲೇ ಆಕೆಗೆ ಕ್ಷಯ ತಗಲಿತು. ಶ್ವಾಸಕೋಶದ ವಿಷಯದಲ್ಲಿ ಆಸಕ್ತಿ ಬಲಿತದ್ದು ಆಗಲೇ. ಆ ಕಾಲದಲ್ಲಿ, ದಿನ ತುಂಬದೆ ಹುಟ್ಟಿದ ಎಷ್ಟೋ ಕೂಸುಗಳು ನರಳುತ್ತ, ಉಸಿರೆಳೆದಾಗಲೆಲ್ಲ ಎದೆಗೂಡು ಒಳಕ್ಕೆ ಕುಸಿಯುತ್ತ, ಎರಡು ಮೂರು ದಿನಗಳಲ್ಲಿ ತೀರಿಕೊಳ್ಳುತ್ತಿದ್ದವು. ಶವಪರೀಕ್ಷೆಯಲ್ಲಿ ವಾಯುಕೋಶಗಳೊಳಗೆ ಗಾಜಿನಂಥ ಪೊರೆಯೊಂದು ಕಾಣುತ್ತಿತ್ತು. ಅದು ಎಲ್ಲಿಂದ ಬಂದಿತೆಂದೇ ಪಂಡಿತರ ಚರ್ಚೆ. ಏವರಿಯ ಕಣ್ಣಿಗೆ ಬಿದ್ದುದು ಬೇರೆ: ಆ ಶ್ವಾಸಕೋಶಗಳಲ್ಲಿ ನೊರೆಯೇ ಇರಲಿಲ್ಲ. ಇಲ್ಲದುದನ್ನು ಕಾಣುವ ಕಣ್ಣು ಅಪರೂಪವೆಂದೇ ನಾವು ಎಣಿಸುತ್ತೇವೆ.

ಆಗ ಆಕೆ ಬಾಸ್ಟನ್ನಿನಲ್ಲಿ ಜೆರ್ ಮೀಡ್ ಅವರೊಡನೆ ಸಂಶೋಧನೆ ನಡೆಸುತ್ತಿದ್ದರು. ಶ್ವಾಸಕೋಶದ ದ್ರವದ ಮೇಲ್ಮೈಯನ್ನು ಒತ್ತಿ ಕಿರಿದುಗೊಳಿಸಿದರೆ ಅದರ ಎಳೆತ ಬಹಳ ತಗ್ಗುತ್ತದೆಂದು ಜಾನ್ ಕ್ಲೆಮೆಂಟ್ಸ್ ೧೯೫೭ರಲ್ಲಿ ತೋರಿಸಿದ್ದರು. ಆಕೆ ಅವರ ಪ್ರಯೋಗಶಾಲೆಗೆ ಹೋಗಿ ಅಳೆಯುವ ಬಗೆಯನ್ನು ಕಲಿತುಬಂದರು. ಒಂದು ತೊಟ್ಟಿ, ಹಿಂದೆ ಮುಂದೆ ಸರಿಯುವ ತಡೆ, ದ್ರವವನ್ನು ಮುಟ್ಟುವಂತೆ ತೂಗಿಬಿಟ್ಟ ತೆಳು ತಗಡು: ಉಪಕರಣ ಇಷ್ಟೇ. ಈ ರೋಗದಿಂದ ಸತ್ತ ಕೂಸುಗಳ ಶ್ವಾಸಕೋಶದ ಸಾರದಲ್ಲಿ ಎಳೆತ ಹಾಗೆ ತಗ್ಗಲೇ ಇಲ್ಲ. ೧೯೫೯ರಲ್ಲಿ ಏವರಿ ಮತ್ತು ಮೀಡ್ ಇದನ್ನು ಪ್ರಕಟಿಸಿದರು.

ಕೊರತೆಯಾದ ವಸ್ತು ಸರ್ಫ್ಯಾಕ್ಟೆಂಟ್, ಬಹುಪಾಲು ಮೇದಸ್ಸು. ವಾಯುಕೋಶ ಕುಗ್ಗಿದಂತೆ ಇದರ ಅಣುಗಳು ಒತ್ತಾಗಿ ಸೇರುವುವು, ಎಳೆತ ಇಳಿಯುವುದು; ಆದ್ದರಿಂದ ತ್ರಿಜ್ಯ ಕಿರಿದಾದರೂ ಒತ್ತಡ ಏರದು. ಗರ್ಭದಲ್ಲಿ ಇದು ಸಾಕಷ್ಟು ಒದಗುವುದು ಕಡೆಯ ವಾರಗಳಲ್ಲಿ.

ಕಾರಣ ತಿಳಿದರೂ ಮದ್ದು ತಡವಾಯಿತು. ೧೯೬೩ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನೆಡಿಯ ಮಗು ಪ್ಯಾಟ್ರಿಕ್ ಇದೇ ರೋಗದಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. ಏವರಿ ೧೯೭೪ರಲ್ಲಿ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾಗಿ, ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮುಖ್ಯ ವೈದ್ಯರಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಆಕೆಯೇ. ೧೯೮೦ರಲ್ಲಿ ಜಪಾನಿನ ಫುಜಿವಾರಾ ಮತ್ತು ಸಂಗಡಿಗರು, ಹಸುವಿನ ಶ್ವಾಸಕೋಶದಿಂದ ತೆಗೆದು ಸಿದ್ಧಪಡಿಸಿದ ಸರ್ಫ್ಯಾಕ್ಟೆಂಟನ್ನು ೧೦ ಕೂಸುಗಳ ಶ್ವಾಸನಾಳಕ್ಕೆ ಹಾಕಿದರು. ಅವುಗಳ ಉಸಿರಾಟ ಸುಧಾರಿಸಿತು.