ಇಸಿಯಲ್ಲಿ ಕಾಣದ ಅಜ್ಜಿ

ಹಾಸನದಲ್ಲಿ ವಕೀಲಿಕೆ ಶುರುಮಾಡಿ ಇಪ್ಪತ್ತಾರು ವರ್ಷವಾಯಿತು. ಮನೆ, ಸೈಟಿನ ಕಾಗದ ನೋಡಿಕೊಡುವುದೇ ನನ್ನ ಹೆಚ್ಚಿನ ಕೆಲಸ. ಬರುವವರಲ್ಲಿ ಮುಕ್ಕಾಲು ಪಾಲು ಜನ ಅಡ್ವಾನ್ಸ್ ಕೊಟ್ಟಾದ ಮೇಲೆ ಬರುತ್ತಾರೆ. "ಎಲ್ಲಾ ಸರಿ ಇದೆ ಸಾರ್, ಸುಮ್ಮನೆ ಒಂದ್ಸಲ ಕಣ್ಣಾಡಿಸಿಬಿಡಿ" ಅನ್ನುತ್ತಾರೆ. ಕಾಗದದಲ್ಲಿ ಇರುವುದನ್ನು ಓದುವುದು ಸುಲಭ. ಇಲ್ಲದ್ದನ್ನು ಓದಲು ನನಗೆ ಬಹಳ ವರ್ಷ ಹಿಡಿಯಿತು.

1. ಇಸಿಗೆ ಗೊತ್ತಿರುವುದು ಸ್ವಲ್ಪವೇ

ಇಸಿ, ಅಂದರೆ ಋಣಭಾರ ಪತ್ರ, ನೋಂದಣಿಯಾದ ವ್ಯವಹಾರಗಳ ಪಟ್ಟಿ, ಅಷ್ಟೇ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ನಮೂನೆ 16 ಕೈಗೆ ಬಂದರೆ ಸಿಹಿ ಹಂಚುವವರನ್ನು ಕಂಡಿದ್ದೇನೆ. ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ, ನೋಂದಣಿಯಾಗದ ವಿಲ್, ಒಳಗೆ ಕೂತ ಬಾಡಿಗೆದಾರ ಇವು ಯಾವುವೂ ಅದರಲ್ಲಿ ಬರಬೇಕೆಂದಿಲ್ಲ. ಮೂಲಪತ್ರ ಒಪ್ಪಿಸಿ ಸಾಲ ತಂದರೆ ಅದೂ ಅಡಮಾನವೇ. ಒಪ್ಪಿಸಿದ್ದಕ್ಕೆ ನೋಂದಣಿ ಮಾಡಿಸದಿದ್ದರೆ ಇಸಿಯಲ್ಲಿ ಅದರ ಸುಳಿವು ಇರುವುದಿಲ್ಲ.

ಹಾಗಾಗಿ "ಮೂಲಪತ್ರ ಮನೆ ಬದಲಾಯಿಸುವಾಗ ಕಳೆದುಹೋಯ್ತು, ಜೆರಾಕ್ಸ್ ಇದೆ" ಎಂಬ ಮಾತು ಕೇಳಿದರೆ ನಾನು ಪೆನ್ನು ಕೆಳಗಿಡುತ್ತೇನೆ. ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ ಎಲ್ಲ ಆಗಲಿ. ಅದರ ಜೊತೆಗೆ ಅಕ್ಕಪಕ್ಕದ ಬ್ಯಾಂಕು, ಸೊಸೈಟಿಗಳಲ್ಲೂ ವಿಚಾರಿಸಬೇಕು. ಒಮ್ಮೆ ಹಾಗೆ "ಕಳೆದುಹೋದ" ಪತ್ರ ಎರಡು ಬೀದಿಯಾಚೆಯ ಒಂದು ಸೊಸೈಟಿಯ ತಿಜೋರಿಯಲ್ಲಿ ಬೆಚ್ಚಗೆ ಕೂತಿತ್ತು.

2. ಮೊದಲು ವಂಶವೃಕ್ಷ, ಆಮೇಲೆ ಗೋಡೆ

ಇದರಲ್ಲಿ ಎಡವಿದವನು ನಾನೇ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ವಿಲ್ ಬರೆಯದೆ ತೀರಿಕೊಂಡಿದ್ದರು. ಹೆಂಡತಿ, ಮಗ, ಮಗಳು ಮೂವರೂ ಬಂದು ಸಹಿ ಹಾಕಲು ಸಿದ್ಧ. ಮಗಳೂ ಬಂದಿದ್ದಾಳಲ್ಲ, ಇನ್ನೇನು ಬೇಕು ಅಂದುಕೊಂಡೆ. ಅಪ್ಪ ಸತ್ತಾಗ ಅಪ್ಪನ ತಾಯಿ ಬದುಕಿದ್ದರೇ ಅಂತ ಕೇಳಲಿಲ್ಲ.

ಬದುಕಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ 1956ರಿಂದಲೇ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ಅಂದರೆ ಅಜ್ಜಿಗೂ ಕಾಲು ಭಾಗ. ಮಗ ಹೋದ ನಾಲ್ಕು ವರ್ಷಕ್ಕೆ ಅಜ್ಜಿಯೂ ವಿಲ್ ಇಲ್ಲದೆ ತೀರಿಕೊಂಡರು. ಅವರ ಪಾಲು ಉಳಿದ ಮಕ್ಕಳಿಗೂ ಹರಿದು, ಚಿಕ್ಕಪ್ಪ ಮತ್ತು ಅತ್ತೆ ಆ ಮನೆಗೆ ಸಣ್ಣ ಪಾಲುದಾರರಾದರು. ಕ್ರಯಪತ್ರ ಟೈಪಾಗುವ ಹೊತ್ತಿಗೆ ಅತ್ತೆಯ ಕಡೆಯಿಂದ ನೋಟಿಸು ಬಂತು. ಅವರಿಬ್ಬರಿಂದ ಹಕ್ಕು ಖುಲಾಸೆ ಪತ್ರ ನೋಂದಣಿಯಾಗುವುದರೊಳಗೆ ಎಂಟು ತಿಂಗಳು ಕಳೆಯಿತು.

"ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರ ಮೇಲೆ ತಾನೆ?" ಎಂದು ಈಗಲೂ ಕೇಳುತ್ತಾರೆ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮ ಮಾಡಿತು. ಅಪ್ಪ 2005ರಲ್ಲಿ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರಿಸಿ, ಬೇಕಿಲ್ಲ ಅಂದಿತು. ಅಪ್ಪನ ಸ್ವಯಾರ್ಜಿತದಲ್ಲಿ ವಿಲ್ ಇಲ್ಲದಿದ್ದರೆ ಮಗಳ ಪಾಲು ಅದಕ್ಕೂ ಎಷ್ಟೋ ಮೊದಲಿನದು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು ಕೊಟ್ಟು ಬಿಳಿ ಹಾಳೆಯಲ್ಲಿ ಅಕ್ಕನ ಸಹಿ ತೆಗೆದುಕೊಂಡರೆ ಅವಳ ಪಾಲು ಹೋಗುವುದಿಲ್ಲ, ಅದಕ್ಕೆ ನೋಂದಣಿ ಬೇಕು. ವಾರಸುದಾರರಲ್ಲಿ ಅಪ್ರಾಪ್ತ ಮಗುವಿದ್ದರೆ ಕೋರ್ಟಿನ ಅನುಮತಿಯಿಲ್ಲದೆ ತಾಯಿಯಾದರೂ ಅದರ ಪಾಲು ಮಾರುವಂತಿಲ್ಲ. ಮಾರಿದರೆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ದಾವೆ ಹಾಕಬಹುದು.

ಈಗ ನನ್ನ ಮೇಜಿನ ಮೇಲೆ ಒಂದು ಹಾಳೆ ಇರುತ್ತದೆ. ತೀರಿಕೊಂಡವರ ಹೆಸರು, ತಾರೀಖು, ಆ ದಿನ ಯಾರ್ಯಾರು ಬದುಕಿದ್ದರು ಅಂತ ಬರೆಸಿಕೊಳ್ಳುತ್ತೇನೆ. ನಾಡಕಚೇರಿಯ ವಂಶವೃಕ್ಷವನ್ನು ಪೂರ್ತಿ ನಂಬುವುದಿಲ್ಲ. ಅರ್ಜಿ ಹಾಕಿದವನು ಹೇಳದೆ ಬಿಟ್ಟ ಅಕ್ಕ ಅದರಲ್ಲಿ ಎಲ್ಲಿಂದ ಬಂದಾಳು?

3. ಜಿಪಿಎ ಕೊಟ್ಟವರೊಡನೆ ಒಮ್ಮೆ ಮಾತಾಡಿ

ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಮನೆ "ಕೊಂಡೆ" ಅನ್ನುವವರಿಗೆ ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೇ ಉತ್ತರ ಕೊಟ್ಟಿದೆ: ಜಿಪಿಎಯಿಂದ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು. ಪರಊರಿನಲ್ಲಿರುವವರ ಪರವಾಗಿ ತಮ್ಮನೋ ಮಗನೋ ಜಿಪಿಎ ಹಿಡಿದು ಕ್ರಯಪತ್ರಕ್ಕೆ ಸಹಿ ಹಾಕುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಕೊಟ್ಟವರು ಬದುಕಿರಬೇಕು. ನೋಂದಣಿಯ ಹಿಂದಿನ ದಿನ ಒಬ್ಬ ಹಿರಿಯರ ಫೋನಿಗೆ ಕರೆ ಮಾಡಿದೆ. ಎತ್ತಿದವರು "ಅಪ್ಪನ ತಿಥಿ ಮುಗಿದು ವಾರವಾಯ್ತು" ಅಂದರು. ಜಿಪಿಎ ಹಿಡಿದವನು ಮಾತ್ರ ನನ್ನೆದುರು ಕೂತು ಕಾಫಿ ಕುಡಿಯುತ್ತಿದ್ದ. ಅಂದಿನಿಂದ ವಿಡಿಯೊ ಕರೆಯಾಗದೆ ಮುದ್ರಾಂಕ ಶುಲ್ಕ ಕಟ್ಟಲು ಬಿಡುವುದಿಲ್ಲ.

4. ಕರಾರು ಪತ್ರಕ್ಕೂ ವಯಸ್ಸಿದೆ

ಕರಾರು ಮಾಡಿಕೊಂಡ ಮಾತ್ರಕ್ಕೆ ಮನೆ ನಿಮ್ಮದಾಗುವುದಿಲ್ಲ. ಮಾಡಿಕೊಡು ಎಂದು ಕೇಳುವ ಹಕ್ಕಷ್ಟೇ ಬರುತ್ತದೆ. ಮಾರುವವನು ತಿರುಗಿಬಿದ್ದರೆ, ಕರಾರಿನಲ್ಲಿ ಹೇಳಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ದಿನ ಹೇಳಿಲ್ಲದಿದ್ದರೆ ಅವನು ಒಲ್ಲೆ ಅಂದದ್ದು ನಿಮಗೆ ಗೊತ್ತಾದಂದಿನಿಂದ ಲೆಕ್ಕ. "ಆದಷ್ಟು ಬೇಗ" ಎಂದು ಬರೆಯುವ ಪತ್ರಬರಹಗಾರರ ಮೇಲೆ ನನಗೆ ಸಿಟ್ಟು. ತಾರೀಖು ಬರೆಯಿರಿ. ಬಾಕಿ ಹಣ ನಿಮ್ಮ ಬಳಿ ಸಿದ್ಧವಿತ್ತೆಂದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಾಣುವಂತಿರಲಿ, ಕೋರ್ಟು ಮೊದಲು ಕೇಳುವುದು ಅದನ್ನೇ.

5. ಖಾತೆ

ಖಾತೆ ಕಂದಾಯದ ಲೆಕ್ಕಕ್ಕೆ. ಇ-ಖಾತೆ ಇಲ್ಲದೆ ಈಗ ನೋಂದಣಿ ಕಷ್ಟ, ಮಾಡಿಸಿಕೊಳ್ಳಿ. ಒಡೆತನಕ್ಕೆ ಮಾತ್ರ ಮೂಲಪತ್ರಗಳ ಸರಪಳಿಯನ್ನೇ ನೋಡಬೇಕು.

6. ಟೇಪು ಹಿಡಿದು ಹೋಗಿ

ಷೆಡ್ಯೂಲಿನ ಚೆಕ್ಕುಬಂದಿಯನ್ನು ಮನೆಯ ಮುಂದೆ ನಿಂತು ಗಟ್ಟಿಯಾಗಿ ಓದಿ. "ಉತ್ತರಕ್ಕೆ ಖಾಲಿ ನಿವೇಶನ" ಎಂದಿರುವ ಕಡೆ ಮೂರಂತಸ್ತಿನ ಮನೆ ಇರುತ್ತದೆ, ಅದರ ಮೆಟ್ಟಿಲು ನಿಮ್ಮ ಜಾಗದಲ್ಲಿ. ಒಂದೂವರೆ ಅಡಿ ಗಲ್ಲಿಗಾಗಿ ಹತ್ತು ವರ್ಷ ನಡೆದ ದಾವೆಯೊಂದರಲ್ಲಿ ನನ್ನ ಫೀಸೇ ಆ ಜಾಗದ ಬೆಲೆಯನ್ನು ಮೀರಿತ್ತು.

7. "ಅರ್ಧ ಬ್ಲ್ಯಾಕು, ಅರ್ಧ ವೈಟು"

ಮನೆ ಮಾರಿದ ಬಾಬ್ತು 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದು ಪಡೆಯುವಂತಿಲ್ಲ, ಪಡೆದವನಿಗೆ ಪಡೆದಷ್ಟೇ ದಂಡ ಬೀಳಬಹುದು. ಕ್ರಯ 50 ಲಕ್ಷ ಮುಟ್ಟಿದರೆ ಕೊಳ್ಳುವವನೇ ಶೇ 1ರಷ್ಟು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಮಾರುವವನು ಅನಿವಾಸಿಯಾದರೆ ಆ 50 ಲಕ್ಷದ ಮಿತಿಯೂ ಇಲ್ಲ, ದರವೂ ಬಹಳ ಹೆಚ್ಚು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಹಳೆಯ ಲೆಕ್ಕ ಹಿಡಿದು ಬಂದವರು ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ನಿಂತು ಬಾವನಿಗೆ ಫೋನು ಮಾಡುವುದನ್ನು ನೋಡಿದ್ದೇನೆ.

8. ಮಾರುವವರಿಗೂ ಎರಡು ಮಾತು

ಪೂರ್ತಿ ಹಣ ಖಾತೆಗೆ ಬರುವವರೆಗೆ ಮೂಲಪತ್ರ ಕೊಡಬೇಡಿ, ಬೀಗದ ಕೈಯಂತೂ ಬೇಡವೇ ಬೇಡ. "ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದೀವಿ, ಹಾಲುಕ್ಕಿಸಿಕೊಂಡು ಹೋಗ್ತೀವಿ" ಅಂತ ಕೇಳುತ್ತಾರೆ. ಹಾಲು ಉಕ್ಕಿಸಿದವರು ಹೊರಗೆ ಹೋಗಲಿಲ್ಲ. ಬಾಕಿ ಆರು ಲಕ್ಷಕ್ಕಾಗಿ ನನ್ನ ಕಕ್ಷಿದಾರರು ತಮ್ಮದೇ ಮನೆಯ ಗೇಟಿನ ಮುಂದೆ ಎರಡು ವರ್ಷ ಅಲೆದರು. ಅಷ್ಟೂ ದಿನ ಕರೆಂಟ್ ಬಿಲ್ಲು ಬರುತ್ತಿದ್ದದ್ದು ಅವರ ಹೆಸರಿಗೇ.