ಫೋನಿನಲ್ಲಿ ಸಿಮೆಂಟು, ಕಬ್ಬಿಣದ ದರ ಕೇಳುವ ಬಗೆ



ಈ ವರ್ಷ ನಾವು ದನದ ಕೊಟ್ಟಿಗೆ ಕಟ್ಟಿಸಲು ಹೊರಟೆವು. ತೊಗರಿ ಮಾರಿದ ಹಣ ಅಷ್ಟಕ್ಕಷ್ಟೆ. ಆದುದರಿಂದ ಪೇಟೆಗೆ ಹೋಗುವ ಮೊದಲು ಫೋನಿನಲ್ಲಿರುವ ಕೃತಕ ಬುದ್ಧಿಮತ್ತೆಯ ಸಾಧನವನ್ನು, "ಕಬ್ಬಿಣದ ಸರಳಿನ ದರ ಎಷ್ಟು?" ಎಂದು ಕೇಳಿದೆವು. ಉತ್ತರವು ಕ್ಷಣದಲ್ಲಿ ಬಂದಿತು. ಅದನ್ನೇ ನಂಬಿ, ಬಹುಕಾಲದಿಂದ ನಮಗೆ ಉದ್ರಿ ಕೊಡುತ್ತ ಬಂದ ಅಂಗಡಿಕಾರರೊಡನೆ ವಾದಕ್ಕೆ ನಿಂತೆವು. "ಮಾಸ್ತರರೇ, ಅದು ಕಾರ್ಖಾನೆಯ ಬಾಗಿಲಿನ ದರ. ತೆರಿಗೆ, ಬಾಡಿಗೆ ಅದರಲ್ಲಿಲ್ಲ" ಎಂದರು ಅವರು. ಮನೆಗೆ ಬಂದು ಉತ್ತರದ ಮೂಲವನ್ನು ತೆರೆದು ನೋಡಿದರೆ ಅವರ ಮಾತೇ ನಿಜ. ತಪ್ಪು ನಮ್ಮ ಪ್ರಶ್ನೆಯಲ್ಲಿತ್ತು. ನಿಮಗೆ ಹಾಗಾಗದಿರಲೆಂದು ನಾವು ಕಲಿತುದನ್ನು ಇಲ್ಲಿ ಬರೆದಿದ್ದೇವೆ.

1. ಪ್ರಶ್ನೆ ಪೂರ್ಣವಾಗಿರಲಿ. ಊರು, ಮಾಲು, ದರ್ಜೆ, ಅಳತೆ ನಾಲ್ಕನ್ನೂ ಹೇಳಬೇಕು. ಉದಾಹರಣೆಗೆ: "ಅಕ್ಕಲಕೋಟೆಯಲ್ಲಿ ಈ ತಿಂಗಳು 12 ಮಿ.ಮೀ. ದಪ್ಪದ, 500ಡಿ ದರ್ಜೆಯ ಸರಳಿಗೆ ಕಿಲೋ ದರವೆಷ್ಟು? ತೆರಿಗೆ ಸೇರಿದೆಯೇ? ಇದು ಯಾವ ತಾರೀಖಿನ ದರ? ಮೂಲವನ್ನು ತೋರಿಸು." ಕನ್ನಡದಲ್ಲಿಯೇ ಕೇಳಬಹುದು. ನಮ್ಮ ಊರಿನ ದರ ಸಿಗದಿದ್ದಾಗ ಸಾಧನವು ಸೊಲ್ಲಾಪುರದ್ದನ್ನೋ ಪುಣೆಯದನ್ನೋ ಹೇಳಿಬಿಡುವುದುಂಟು. ಅದನ್ನು ಗಮನಿಸಬೇಕು.

2. ತಾರೀಖು ನೋಡಿರಿ. ಸಿಮೆಂಟಿನ ಮೇಲಿನ ಜಿ.ಎಸ್‌.ಟಿ.ಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮೊದಲು ಚೀಲಕ್ಕೆ 300 ರೂಪಾಯಿ ಎಂದು ಹಿಡಿದರೆ, ಹಿಂದೆ 384 ಆಗುತ್ತಿದ್ದುದು ಈಗ 354 ಆಗುವುದು. ಅರುವತ್ತು ಚೀಲಕ್ಕೆ 1800 ರೂಪಾಯಿಯ ಅಂತರ! ಹಳೆಯ ಬರಹವನ್ನು ನೋಡಿ ಹೇಳಿದ ದರದಲ್ಲಿ ಈ ಇಳಿತ ಇರುವುದಿಲ್ಲ.

3. ಅಳತೆ ಒಂದೇ ಇರಲಿ. ನಮ್ಮ ಕಡೆ ಉಸುಕನ್ನು ಬ್ರಾಸ್ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಬೇರೆ ಕಡೆ ಟನ್ನಿನ ಲೆಕ್ಕ. ಎರಡನ್ನೂ ಒಂದೇ ಅಳತೆಗೆ ತಾರದೆ ಹೋಲಿಸಬಾರದು. ಸರಳಿನ ತೂಕವನ್ನು ತಿಳಿಯಲು ದಪ್ಪದ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿರಿ. ಮೀಟರಿಗೆ ಎಷ್ಟು ಕಿಲೋ ಎಂಬುದು ಬರುವುದು. 12 ಮಿ.ಮೀ. ಸರಳಿಗೆ ಇದು ಸುಮಾರು 0.89 ಕಿಲೋ. ಹನ್ನೆರಡು ಮೀಟರಿನ ಒಂದು ಸರಳು ಹತ್ತೂವರೆ ಕಿಲೋಗಿಂತ ತುಸು ಹೆಚ್ಚು ತೂಗಬೇಕು.

4. ಕೊನೆಯ ಮಾತು ಪೇಟೆಯದು. ಮೂರು ಅಂಗಡಿಗಳಲ್ಲಿ ಅದೇ ಪ್ರಶ್ನೆಯನ್ನು ಕೇಳಿ, ಮನೆ ಬಾಗಿಲಿಗೆ ಮುಟ್ಟಿಸುವ ದರವನ್ನು ಬರೆಸಿಕೊಳ್ಳಿರಿ. ಜಿ.ಎಸ್‌.ಟಿ. ಗಡಿಯ ಎರಡೂ ಕಡೆ ಒಂದೇ. ಆದುದರಿಂದ ಆಚೆಯ ದರ ಕಡಿಮೆಯೆಂದು ಹೊರಡುವ ಮುಂಚೆ ಟ್ರಾಕ್ಟರಿನ ಬಾಡಿಗೆಯನ್ನು ಕೂಡಿಸಿ ನೋಡಿರಿ. ಬಿಲ್ಲಿಲ್ಲದೆ ಮಾಲು ಕೊಳ್ಳಬೇಡಿರಿ.

ನಾವು ಮರುದಿನ ಅದೇ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಮೂರು ಕಡೆಯ ದರ ಹೋಲಿಸಿದಾಗ ಅವರದೇ ಹಗುರವೆನಿಸಿ, ಮಾಲನ್ನು ಅಲ್ಲಿಂದಲೇ ತಂದೆವು. ಫೋನು ಹೇಳಿದ ದರವು ವಿಚಾರಣೆಯ ಆರಂಭಕ್ಕೆ ಮಾತ್ರ. ಲೆಕ್ಕ ಹಾಕುವ ಹೊಣೆ ನಮ್ಮದೇ.